ಖೋಲಿ ಕಾಕಾ

ಜಹೀರಾಬಾದಿನಲ್ಲಿ ಡಿಗ್ರಿ ಸೀಟು ಹಿಡಿಯುವುದು ದೊಡ್ಡ ಮಾತಲ್ಲ. 2016ರಿಂದ ‘ದೋಸ್ತ್’ ಎಂಬ ಆನ್‌ಲೈನ್ ವ್ಯವಸ್ಥೆ ಬಂದಿದೆ. ಮೊಬೈಲಿನಲ್ಲೇ ಅರ್ಜಿ, ಮೊಬೈಲಿನಲ್ಲೇ ಸೀಟು. ಟಿ.ಸಿ. ಹಿಡಿದು ಕಾಲೇಜಿಗೆ ಹೋದರೆ ಗುಮಾಸ್ತರು ಸರಸರ ಸಹಿ ಹಾಕಿಸುತ್ತಾರೆ. ‘ಸರ್, ಹಾಸ್ಟೆಲ್?’ ಎಂದಿರೋ, ಕನ್ನಡಕ ತೆಗೆದು ಒರೆಸಲು ಕೂರುತ್ತಾರೆ. ಒರೆಸಿ ಮುಗಿಸಿ, ಹಳೆಯ ಚಲನ್ ಹಿಂದೆ ಒಂದು ಫೋನ್ ನಂಬರ್ ಗೀಚಿಕೊಡುತ್ತಾರೆ. ಅದು ಖೋಲಿ ಕಾಕಾನ ನಂಬರ್.

ಕಾಕಾ ಒಬ್ಬರಲ್ಲ. ಕಾಲೇಜು ಇದ್ದು ಹಾಸ್ಟೆಲ್ ಸಾಲದಿರುವ ಗಡಿಯ ಊರಿಗೆಲ್ಲ ಒಬ್ಬೊಬ್ಬರು ಇದ್ದಾರೆ. ಲುಂಗಿ, ಬನಿಯನ್, ಸೊಂಟದಲ್ಲಿ ಕೀಲಿಗೊಂಚಲು. ಖೋಲಿ ತೋರಿಸುವ ಮೊದಲು ಸಂದರ್ಶನ ನಡೆಸುತ್ತಾರೆ.

‘ಯಾವೂರು, ತಮ್ಮಾ?’

‘ಬೀದರ್ ಕಡೀರಿ, ಕಾಕಾ.’

‘ಅಡಿಗಿ ಮಾಡ್ಕೋತಿ, ಡಬ್ಬಿ ತರಿಸ್ತಿ?’

‘ಡಬ್ಬಿರಿ.’

‘ಜಳಕ?’

‘ದಿನಾ ಮಾಡ್ತೀನ್ರಿ.’

ಇಲ್ಲಿ ಕಾಕಾನ ಮುಖ ಕಪ್ಪಿಡುತ್ತದೆ. ‘ದಿನಾ ಯಾಕ್ ಬೇಕು? ನೀ ಏನ್ ಹೊಲದಾಗ ದುಡೀತೀಯಾ?’

ನೀರಿನ ಮೋಟರ್ ಸ್ವಿಚ್ ಇರುವುದು ಕಾಕಾ ಮಲಗುವ ಕೋಣೆಯಲ್ಲಿ, ತಲೆದಿಂಬಿನಿಂದ ಕೈಗೆ ಎಟಕುವಷ್ಟು ದೂರದಲ್ಲಿ. ಬೆಳಿಗ್ಗೆ ಒಂದು ಸಲ ಒತ್ತುತ್ತಾರೆ. ಆಗ ಎದ್ದವನು ಶುಚಿಯಾಗಿ ಕಾಲೇಜಿಗೆ ಹೋಗುತ್ತಾನೆ; ಉಳಿದವರು ಪೌಡರ್ ಹಚ್ಚಿಕೊಂಡು ಹೋಗುತ್ತಾರೆ. ಹಾಜರಿ ಪುಸ್ತಕ ನೋಡದೆಯೂ ಕಾಲೇಜಿನ ಮೇಷ್ಟ್ರು ಯಾರು ಯಾವ ಕಾಕಾನ ಮನೆಯವರೆಂದು ಹೇಳಬಲ್ಲರು.

ಕಾಕಾನಿಗೆ ಇತಿಹಾಸದ ಹುಚ್ಚು ಬೇರೆ. ಬಾಡಿಗೆ ಕೊಡಲು ಹೋದವನು ಬಾಡಿಗೆಯಷ್ಟೇ ಕೊಟ್ಟು ಬರಲಾರ. 1956ರ ನವೆಂಬರ್ 1ರ ತನಕ ಜಹೀರಾಬಾದ್, ನಾರಾಯಣಖೇಡ ಎರಡೂ ಬೀದರ್ ಜಿಲ್ಲೆಯಲ್ಲಿದ್ದವು, ತಾಂಡೂರು ಗುಲಬರ್ಗಾದಲ್ಲಿತ್ತು ಎಂಬಲ್ಲಿಂದ ಶುರು. ಆಮೇಲೆ ಆಂಧ್ರ, ಆಮೇಲೆ ತೆಲಂಗಾಣ. ಬೀದರ್ ಹೋಗಿ ಮೆದಕ್, 2016ರಲ್ಲಿ ಮೆದಕ್ ಹೋಗಿ ಸಂಗಾರೆಡ್ಡಿ. ಇಷ್ಟೆಲ್ಲ ಬದಲಾದರೂ ಖೋಲಿಯ ಸುಣ್ಣ ಬದಲಾಗಿಲ್ಲ. ಬೀದರ್ ಕಡೆಯ ಹುಡುಗರು ‘ನಮ್ಮ ಜಿಲ್ಲಾ ಮಂದಿ’. ಅವರಿಗೆ ಬಾಡಿಗೆ ಅಷ್ಟೇ, ಭಾಷಣ ಮಾತ್ರ ಪುಕ್ಕಟೆ. ರಾಜ್ಯ ವಿಂಗಡಣೆಯಲ್ಲಿ ಜಹೀರಾಬಾದ್ ತಾಲ್ಲೂಕು ಈ ಕಡೆ ಬಂದಾಗ ನಿರ್ಣಾ ಸರ್ಕಲ್ ಒಂದು ಮೈಸೂರು ರಾಜ್ಯಕ್ಕೆ ಹೋಯಿತಲ್ಲ, ಆ ನಿರ್ಣಾದ ಹುಡುಗ ಬಂದರೆ ಕಾಕಾ ಒಂದು ತಿಂಗಳ ಡಿಪಾಜಿಟ್ ಹೆಚ್ಚಿಗೆ ಕೇಳುತ್ತಾರೆ. ‘ನೀವು ಬಿಟ್ಟು ಹೋದ ಮಂದಿ. ನಡು ವರ್ಷದಾಗ ಮತ್ತ ಬಿಟ್ಟು ಹೋದ್ರ?’

ಗೇಟಿಗೆ ತೆಲುಗು ಬೋರ್ಡು, ಒಳಗೆ ಕನ್ನಡದಲ್ಲಿ ಚೌಕಾಸಿ. ಯಾಕೆ ಕಾಕಾ ಎಂದರೆ, ನಿಜಾಮನ ಕಾಲದಲ್ಲಿ ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದ ಭಾಲ್ಕಿಯ ಚನ್ನಬಸವ ಪಟ್ಟದ್ದೇವರ ಹೆಸರು ಹೇಳಿ ಕೈ ಮುಗಿಯುತ್ತಾರೆ. ಪಟ್ಟದ್ದೇವರು ಬಡ ಮಕ್ಕಳಿಗೆ ಅನ್ನ ಹಾಕಿ ಓದಿಸಿದರು ಎಂಬ ಭಾಗ ಮಾತ್ರ ಕಾಕಾನ ನೆನಪಿಗೆ ಬರುವುದಿಲ್ಲ.

ತಾಂಡೂರಿನ ಕಾಕಾನ ಗತ್ತೇ ಬೇರೆ. ಅವರ ಖೋಲಿ ‘ಫುಲ್ ಫರ್ನಿಶ್ಡ್’. ಒಳಗೆ ಹೋಗಿ ನೋಡಿದರೆ ನೆಲ ಫರ್ಶಿ, ಕಪಾಟು ಫರ್ಶಿ, ಅಟ್ಟ ಫರ್ಶಿ, ಮಲಗುವ ಕಟ್ಟೆಯೂ ಫರ್ಶಿ. ಕಲ್ಲಿನ ಗಣಿಯ ಊರು, ಮಂಚಕ್ಕೆ ಯಾರು ದುಡ್ಡು ಹಾಕುತ್ತಾರೆ? ಫ್ಯಾನಿನ ಕೆಳಗೆ ತೊಗರಿ ಚೀಲಗಳು. ಅವು ಮೊದಲಿನಿಂದ ಇದ್ದವು, ಹುಡುಗರು ಆಮೇಲೆ ಬಂದವರು. ತಾಂಡೂರು ತೊಗರಿಗೆ 2022ರಲ್ಲಿ ಜಿ.ಐ. ಟ್ಯಾಗ್ ಸಿಕ್ಕ ಮೇಲಂತೂ ಚೀಲಗಳ ಮರ್ಯಾದೆ ಇನ್ನೂ ಏರಿದೆ. ಧಾರಣೆ ಬಿದ್ದರೆ ಕಾಕಾ ಮಾರುವುದಿಲ್ಲ, ಹುಡುಗರು ಮಗ್ಗುಲಾಗಿ ಮಲಗುತ್ತಾರೆ. ಧಾರಣೆ ಏರಿತೆಂದರೆ ಚೀಲ ಮಾರ್ಕೆಟ್ಟಿಗೆ, ಹುಡುಗರ ಕಾಲು ಗೋಡೆಯ ತನಕ. ಬಿ.ಎ. ಇತಿಹಾಸ ಓದುವವನೂ ಅಲ್ಲಿ ಬೆಳಿಗ್ಗೆ ಎದ್ದು ಮೊದಲು ನೋಡುವುದು ತೊಗರಿ ರೇಟು.

ಆದರೂ ತಾಂಡೂರು, ಜಹೀರಾಬಾದ್ ಕಾಕಾಗಳಿಗೆ ಒಂದು ಅಂಜಿಕೆ ಉಂಟು: ರೈಲು. ತೀರಾ ಕಾಡಿದರೆ ಹುಡುಗ ಪಾಸ್ ಮಾಡಿಸಿಕೊಂಡು ಅಪ್-ಡೌನ್ ಶುರು ಮಾಡುತ್ತಾನೆ. ನಾರಾಯಣಖೇಡಕ್ಕೆ ರೈಲೇ ಇಲ್ಲ. ಅಲ್ಲಿಯ ಕಾಕಾ ಯಾರಿಗೂ ಹೆದರುವುದಿಲ್ಲ. ಸಂಜೆ ಬಸ್ ಸ್ಟ್ಯಾಂಡಿನ ಎದುರು ಕಟ್ಟೆಯ ಮೇಲೆ ಕೂತು ಕೊನೆಯ ಬಸ್ಸು ಹೋಗುವುದನ್ನು ಸಮಾಧಾನದಿಂದ ನೋಡುತ್ತಾರೆ.

ಹುಡುಗಿಯರಿಗೆ ಮಾತ್ರ ಯಾವ ಕಾಕಾನೂ ಖೋಲಿ ಕೊಡುವುದಿಲ್ಲ. ‘ಹೆಣ್ಮಕ್ಕಳ ಜವಾಬ್ದಾರಿ ನಮಗ್ ಬ್ಯಾಡವ್ವಾ.’ ನಗುವ ಮಾತಲ್ಲ ಇದು. 2023ರ ಡಿಸೆಂಬರಿನಲ್ಲಿ ತೆಲಂಗಾಣ ಸರ್ಕಾರ ಹೆಂಗಸರಿಗೆ ಬಸ್ ಪ್ರಯಾಣ ಪುಕ್ಕಟೆ ಮಾಡಿದ್ದು ಅವರ ಪಾಲಿಗೆ ಹಾಸ್ಟೆಲ್ ಕಟ್ಟಿಸಿಕೊಟ್ಟಷ್ಟೇ ಆಯಿತು: ಜೀರೋ ಟಿಕೆಟ್ ಹಿಡಿದು, ಬಾಗಿಲ ಹತ್ತಿರ ನಿಂತು, ನೋಟ್ಸ್ ಓದುತ್ತ ಹೋಗುತ್ತಾರೆ, ಓದುತ್ತ ಬರುತ್ತಾರೆ. ಕಾಲೇಜು ಮಾಡಬೇಕಾದ ಕೆಲಸವನ್ನು ಅರ್ಧ ಕಾಕಾ, ಅರ್ಧ ಕಂಡಕ್ಟರ್ ಹಂಚಿಕೊಂಡಿದ್ದಾರೆ. ಪ್ರಿನ್ಸಿಪಾಲರಿಗೆ ಉಳಿದದ್ದು ವಾರ್ಷಿಕೋತ್ಸವದಲ್ಲಿ ‘ಹಾಸ್ಟೆಲ್ ಪ್ರಪೋಸಲ್ ಮೇಲಕ್ಕೆ ಕಳಿಸಿದ್ದೇವೆ’ ಎನ್ನುವುದಷ್ಟೇ. ಮುಂದಿನ ಸಾಲಿನಲ್ಲಿ ಶಾಲು ಹೊದ್ದು ಕೂತ ಕಾಕಾ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಾರೆ. ಆ ಪ್ರಪೋಸಲ್ ಕೆಳಕ್ಕೆ ಬರುವುದಿಲ್ಲವೆಂದು ಅವರಿಗೆ ಗೊತ್ತು.

ಆದ್ದರಿಂದ, ಮಗನಿಗೆ ಸೀಟು ಸಿಕ್ಕಿತೆಂದು ಪೇಢೆ ಹಂಚಲು ಹೊರಟವರಿಗೆ ಒಂದು ಮಾತು. ಖೋಲಿ ನೋಡಲು ಹೋದಾಗ ಕಿಟಕಿ, ಫ್ಯಾನು ಅಂತ ತಲೆ ಕೆಡಿಸಿಕೊಳ್ಳಬೇಡಿ. ಮೋಟರ್ ಸ್ವಿಚ್ ಎಲ್ಲಿದೆ ಕೇಳಿ. ತಾಂಡೂರಾದರೆ ಅವತ್ತಿನ ತೊಗರಿ ಧಾರಣೆಯನ್ನೂ ತಿಳಿದುಕೊಂಡು ಹೋಗಿ.