ಎಟಿಎಂ ಬಳಸುವ ವಿಧಾನ (ಹಣ ಬರುವುದಿಲ್ಲ)

ಪೆಟ್ಟಿಗೆ ಬಿಚ್ಚುವ ಮೊದಲು ಓದಿ. ಕೆಟ್ಟ ಮೇಲೆ ಓದುವವರೇ ಹೆಚ್ಚು ಅಂತ ನಮಗೂ ಗೊತ್ತು.

ಈ ಉಪಕರಣವನ್ನು ನೀವು ಕೊಳ್ಳಬೇಕಾಗಿಲ್ಲ. ಹುಟ್ಟುವ ಮೊದಲೇ ನಿಮ್ಮ ಕೋಶಕೇಂದ್ರಗಳೊಳಗೆ ಕೂರಿಸಿ ಆಗಿದೆ. ಕೆಂಪು ರಕ್ತಕಣಕ್ಕೆ ಕೋಶಕೇಂದ್ರವೇ ಇಲ್ಲ, ಹಾಗಾಗಿ ಅದು ಈ ಕೈಪಿಡಿಯನ್ನು ಓದುವುದು ಬೇಡ.

ಹೆಸರು ಎಟಿಎಂ. ಕಾರ್ಡ್ ತುರುಕಬೇಡಿ. ಇದೊಂದು ಕೈನೇಸ್, ಅಂದರೆ ಬೇರೆ ಪ್ರೋಟೀನುಗಳಿಗೆ ಫಾಸ್ಫೇಟ್ ಅಂಟಿಸುವ ಕಿಣ್ವ. ಹೆಸರಿನ ಬಗ್ಗೆ ತಕರಾರಿದ್ದರೆ, ನಮ್ಮದೂ ಅದೇ ತಕರಾರು. ಅಟಾಕ್ಸಿಯಾ ಟೆಲಾಂಜಿಯೆಕ್ಟೇಸಿಯಾ ಎಂಬ ಕಾಯಿಲೆಯಲ್ಲಿ ಯಾವ ಜೀನ್ ಕೆಟ್ಟಿರುತ್ತದೆ ಎಂದು ಹುಡುಕುತ್ತ ಹೋದ ಟೆಲ್ ಅವೀವ್ ವಿಶ್ವವಿದ್ಯಾಲಯದ ಯೋಸೆಫ್ ಶಿಲೋ ಅವರ ತಂಡ, 1995ರಲ್ಲಿ 11ನೇ ವರ್ಣತಂತುವಿನ ಮೇಲೆ ಅದನ್ನು ಪತ್ತೆ ಮಾಡಿತು. ಕಾಯಿಲೆಯ ಎರಡು ಅಕ್ಷರಕ್ಕೆ ‘ಮ್ಯುಟೇಟೆಡ್’ನ ಎಂ ಸೇರಿತು. ಹೀಗಾಗಿ ಚೆನ್ನಾಗಿ ಓಡುತ್ತಿರುವ ಯಂತ್ರದ ಮೇಲೂ ‘ಕೆಟ್ಟಿದೆ’ ಅನ್ನುವ ಬೋರ್ಡು.

ಇಡುವ ಜಾಗ: ಸುಮಾರು 6 ಮೈಕ್ರೊಮೀಟರ್ ಅಗಲದ ಕೋಣೆ. ಅದರೊಳಗೆ ಒಟ್ಟು 2 ಮೀಟರ್ ಉದ್ದದ ಡಿಎನ್‌ಎ ದಾರ, 46 ತುಂಡುಗಳಲ್ಲಿ. ಗೋಡೆಯಲ್ಲಿ ಸಾವಿರಾರು ಕಿಂಡಿಗಳಿವೆ. ಸಣ್ಣಪುಟ್ಟವು ತಾವೇ ನುಸುಳುತ್ತವೆ. ಸುಮಾರು 40 ಕಿಲೊಡಾಲ್ಟನ್ ತೂಕ ದಾಟಿದವು ಚೀಟಿ ತೋರಿಸಿಯೇ ಒಳಗೆ ಬರಬೇಕು. ನಮ್ಮ ಸರಕಿನ ತೂಕ 350, ಉದ್ದ 3056 ಅಮೈನೊ ಆಮ್ಲ. ಚಿಕ್ಕ ಮನೆಗೆ ದೊಡ್ಡ ಬೀರು.

ಚಾಲೂ ಮಾಡುವುದು: ಮಾಡಬೇಡಿ. ಸ್ವಿಚ್ ಇಲ್ಲ, ತಡಕಾಡಿ ಪ್ರಯೋಜನವಿಲ್ಲ. ಸುಮ್ಮನಿರುವಾಗ ಎರಡೆರಡು ಎಟಿಎಂ ಒಂದನ್ನೊಂದು ತಬ್ಬಿಕೊಂಡು, ಒಂದರ ಬಾಯನ್ನು ಇನ್ನೊಂದು ಮುಚ್ಚಿ ಕೂತಿರುತ್ತವೆ. ಡಿಎನ್‌ಎಯ ಎರಡೂ ಎಳೆಗಳು ಒಂದೇ ಕಡೆ ತುಂಡಾದಾಗ (ಎಕ್ಸ್-ರೇ ಇರಬಹುದು, ಜೀವಕೋಶದ ಒಳಗಿನ ಎಡವಟ್ಟೇ ಇರಬಹುದು) ಎಂಆರ್‌ಎನ್ ಎಂಬ ಮೂರು ಪ್ರೋಟೀನುಗಳ ಕೂಟ ಹರಿದ ತುದಿಗಳನ್ನು ಹಿಡಿದು ಎಟಿಎಂಗೆ ಸುದ್ದಿ ಮುಟ್ಟಿಸುತ್ತದೆ. ಜೋಡಿ ಬಿಚ್ಚಿಕೊಳ್ಳುತ್ತದೆ, ತನ್ನ 1981ನೇ ಜಾಗದ ಸೀರಿನ್ ಎಂಬ ಅಮೈನೊ ಆಮ್ಲದ ಮೇಲೆ ತಾನೇ ಫಾಸ್ಫೇಟ್ ಅಂಟಿಸಿಕೊಳ್ಳುತ್ತದೆ. ಇದನ್ನು 2003ರಲ್ಲಿ ತೋರಿಸಿದವರು ಬಕೆನಿಸ್ಟ್ ಮತ್ತು ಕಾಸ್ಟನ್. ಕೇವಲ 0.5 ಗ್ರೇ ವಿಕಿರಣ ಸಾಕು, ಕೆಲವೇ ನಿಮಿಷದಲ್ಲಿ ಕೋಶಕೇಂದ್ರದ ಅರ್ಧಕ್ಕಿಂತ ಹೆಚ್ಚು ಎಟಿಎಂ ಎದ್ದು ಕೂತಿರುತ್ತದೆ. ಆಮೇಲೆ ಇಲಿಗಳಲ್ಲಿ ಆ ಸೀರಿನ್ ಅನ್ನೇ ಬದಲಿಸಿ ನೋಡಿದರು. ಯಂತ್ರ ಏನೂ ಆಗದವರ ಹಾಗೆ ಓಡಿತು! ಹಾಗಾದರೆ ಅದು ಸ್ವಿಚ್ಚೋ, ಮಿಕ್ಸಿ ಓಡುತ್ತಿದೆ ಎಂದು ಹೇಳುವ ಕೆಂಪು ದೀಪವೋ? ಕೈಪಿಡಿ ಬರೆಯುವವರು ಇಂಥ ಜಗಳಕ್ಕೆ ಹೋಗಬಾರದು. ನನ್ನ ಓಟು ಮಾತ್ರ ದೀಪಕ್ಕೆ.

ಕೆಲಸ ಮಾಡುವ ಬಗೆ: ಎಟಿಪಿ ಎಂಬ ಅಣುವಿನ ಮೂರು ಫಾಸ್ಫೇಟುಗಳಲ್ಲಿ ಕೊನೆಯದನ್ನು ಕಿತ್ತು, ಇನ್ನೊಂದು ಪ್ರೋಟೀನಿನ ಮೇಲೆ ಅಂಟಿಸುವುದು. ಅಷ್ಟೇ. ಸಿಕ್ಕ ಸಿಕ್ಕ ಕಡೆ ಅಂಟಿಸುವ ಹಾಗಿಲ್ಲ. ಸೀರಿನ್ ಅಥವಾ ಥ್ರಿಯೊನಿನ್ ಇರಬೇಕು, ಪಕ್ಕದಲ್ಲೇ ಗ್ಲುಟಮಿನ್ ಕೂತಿರಬೇಕು. ಮದುವೆ ಕಾಗದದ ಮೂಲೆಗೆ ಅರಿಶಿನ ಕುಂಕುಮ ಹಚ್ಚುತ್ತೇವಲ್ಲ, ಹಾಗೆ. ಹಚ್ಚುವ ತನಕ ಅದು ಬರೀ ಕಾಗದ, ಹಚ್ಚಿದ ಮೇಲೆ ಕರೆಯೋಲೆ, ನೆಂಟರು ಹೊರಟು ಬರುತ್ತಾರೆ.

ಮೊದಲ ಬೊಟ್ಟು ಬೀಳುವುದು ಡಿಎನ್‌ಎ ಸುತ್ತಿಕೊಂಡಿರುವ ಉಂಡೆಗಳಲ್ಲೊಂದಾದ ಎಚ್2ಎಎಕ್ಸ್ ಹಿಸ್ಟೋನಿನ ಬಾಲಕ್ಕೆ, 139ನೇ ಸೀರಿನ್‌ಗೆ. ಹರಿದ ಜಾಗದ ಎರಡೂ ಕಡೆ ಲಕ್ಷಾಂತರ ಅಕ್ಷರಗಳ ದೂರಕ್ಕೆ ಬೊಟ್ಟಿನ ಸಾಲು ಹಬ್ಬುತ್ತದೆ. ಇದನ್ನು ಕಣ್ಣಾರೆ ನೋಡಬಹುದು. ಗಾಜಿನ ಪಟ್ಟಿಯ ಮೇಲೆ ಜೀವಕೋಶ ಬೆಳೆಸಿ, ಒಂದಿಷ್ಟು ಎಕ್ಸ್-ರೇ ಹಾಯಿಸಿ, ಆ ಬೊಟ್ಟಿಗೆ ಮಾತ್ರ ಅಂಟುವ ಹಸಿರು ಬಣ್ಣ ಹಾಕಿ. ಸೂಕ್ಷ್ಮದರ್ಶಕದಲ್ಲಿ ನೀಲಿ ಕೋಶಕೇಂದ್ರ, ಅದರ ತುಂಬ ಹಸಿರು ಚುಕ್ಕೆ. ಚುಕ್ಕೆಗೊಂದು ಹರುಕು ಎಂದು ಸರಿಸುಮಾರಾಗಿ ಲೆಕ್ಕ ಹಾಕಬಹುದು. ಅರ್ಧ ಗಂಟೆಯ ಹೊತ್ತಿಗೆ ಚೆನ್ನಾಗಿ ಹೊಳೆಯುತ್ತವೆ. ವಿಕಿರಣವೇ ತಾಕದ ಕೋಶದಲ್ಲೂ ಒಂದೋ ಎರಡೋ ಕಂಡರೆ ಗಾಬರಿ ಬೇಡ, ದಾರ ದಿನವೂ ಅಲ್ಲಲ್ಲಿ ಹರಿಯುತ್ತಲೇ ಇರುತ್ತದೆ.

ಇನ್ನೊಂದು ಬೊಟ್ಟು ಪಿ53 ಎಂಬ ಪ್ರೋಟೀನಿಗೆ. ಆಮೇಲೆ ಅದು ಕೋಶ ವಿಭಜನೆಗೆ ತಡೆ ಹಾಕಿ, ಪತ್ರಿಕೆಗಳಲ್ಲಿ ‘ಜೀನೋಮಿನ ಕಾವಲುಗಾರ’ ಎಂದು ಹೆಸರು ಮಾಡುತ್ತದೆ. ಬೊಟ್ಟಿಟ್ಟವರನ್ನು ಯಾರೂ ಕೇಳುವುದಿಲ್ಲ. ಎಟಿಎಂ ಮತ್ತು ಅದರ ಸೋದರ ಎಟಿಆರ್ ಸೇರಿ ಬೊಟ್ಟಿಡುವ ಪ್ರೋಟೀನುಗಳು 700ಕ್ಕೂ ಹೆಚ್ಚು ಎಂದು 2007ರಲ್ಲಿ ಎಣಿಸಿದ್ದಾರೆ.

ಗಮನಿಸಿ: ಹರಿದದ್ದನ್ನು ಇದು ಹೊಲಿಯುವುದಿಲ್ಲ. ಹೊಲಿಯುವವರು ಬೇರೆ, ಇದು ಕೂಗಿ ಕರೆಯುವುದಷ್ಟೇ.

ವಾರಂಟಿ: ತಂದೆಯಿಂದ ಒಂದು, ತಾಯಿಯಿಂದ ಒಂದು, ಜೀನಿನ ಎರಡು ಪ್ರತಿ ಬಂದಿರುತ್ತದೆ. ಎರಡೂ ಕೆಟ್ಟಿದ್ದರೆ ಇಲ್ಲಿ ತಮಾಷೆ ನಿಲ್ಲಿಸಬೇಕು. ಆ ಮಗು ನಡೆಯಲು ಕಲಿತ ಕಾಲದಲ್ಲೇ ತೂರಾಡುತ್ತದೆ. ಕೆಲವು ವರ್ಷಗಳಲ್ಲಿ ಕಣ್ಣಿನ ಬಿಳಿಯ ಮೇಲೆ ಕೆಂಪು ರಕ್ತನಾಳಗಳು ಎದ್ದು ಕಾಣುತ್ತವೆ. ರೋಗ ತಡೆಯುವ ಶಕ್ತಿ ಕುಗ್ಗಿರುತ್ತದೆ, ರಕ್ತದ ಕ್ಯಾನ್ಸರಿನ ಭಯ ಹೆಚ್ಚು. ಕ್ಯಾನ್ಸರಿಗೆ ಬೇರೆ ಮಕ್ಕಳಿಗೆ ಕೊಡುವಷ್ಟೇ ವಿಕಿರಣ ಕೊಟ್ಟರೆ ಈ ಮಗುವಿನ ಪ್ರಾಣಕ್ಕೇ ಕುತ್ತು. ಬದಲಿ ಬಿಡಿಭಾಗ ಸಿಗುವುದಿಲ್ಲ.

ನಿಲ್ಲಿಸುವುದು: ಅಂಟಿಸಿದ್ದನ್ನು ಅಳಿಸಲು ಫಾಸ್ಫಟೇಸ್ ಎಂಬ ಬೇರೆ ಕಿಣ್ವಗಳಿವೆ. ಕೈಪಿಡಿಗಳಲ್ಲಿ ಅವುಗಳಿಗೆ ಕೊನೆಯ ಪುಟವೇ ಗತಿ. ಇಲ್ಲೂ ಹಾಗೇ ಆಯಿತು, ಕ್ಷಮಿಸಿ. ಫಾಸ್ಫೇಟನ್ನು ಅಂಟಿಸಿ ತೆಗೆಯುವ ಈ ಆಟವನ್ನು ಕಂಡುಹಿಡಿದದ್ದಕ್ಕೆ ಫಿಷರ್ ಮತ್ತು ಕ್ರೆಬ್ಸ್ ಅವರಿಗೆ 1992ರಲ್ಲಿ ನೊಬೆಲ್ ಬಂತು. ಬೊಟ್ಟು ಅಳಿಸದಿದ್ದರೆ ರಿಪೇರಿ ಮುಗಿದರೂ ಕೂಗು ನಿಲ್ಲುವುದಿಲ್ಲ.

ಮರುದಿನ, ಜೊತೆಗೇ ಎಕ್ಸ್-ರೇ ಹಾಯಿಸಿ ಬಣ್ಣ ಹಾಕದೆ ಇಟ್ಟಿದ್ದ ಇನ್ನೊಂದು ಗಾಜಿನ ಪಟ್ಟಿಗೆ ಬಣ್ಣ ಹಾಕಿ ನೋಡಿ. ಬಹುಪಾಲು ಚುಕ್ಕೆಗಳು ಆರಿರುತ್ತವೆ. ಒಂದೆರಡು ಇನ್ನೂ ಹೊಳೆಯುತ್ತಿದ್ದರೆ ಯಂತ್ರವನ್ನು ತಟ್ಟಬೇಡಿ, ಅಲ್ಲಿ ಹೊಲಿಗೆ ಇನ್ನೂ ಮುಗಿದಿಲ್ಲ.