ಓಬವ್ವನಿಗೊಂದು ‘ರು’ ಸಿಕ್ಕೀತೇ?

ಚಿತ್ರದುರ್ಗದಲ್ಲಿ ಮೈಕು ಹಿಡಿದವರೆಲ್ಲ ಮೊದಲು ಹೇಳುವುದು, ‘ಇದು ಗಂಡುಮೆಟ್ಟಿದ ನಾಡು’. ಮರುವಾಕ್ಯದಲ್ಲೇ ಒನಕೆ ಓಬವ್ವ. ಕೋಟೆಯ ಕಾವಲಿನವನು ಊಟಕ್ಕೆ ಕೂತಿದ್ದ, ನೀರಿಗೆ ಹೋದ ಹೆಂಡತಿ ಕಿಂಡಿಯಲ್ಲಿ ನುಸುಳುತ್ತಿದ್ದ ಹೈದರಾಲಿಯ ಸೈನಿಕರನ್ನು ಒನಕೆಯಿಂದ ಬಡಿದು ಕೆಡವಿದಳು ಎಂಬ ಕಥೆ ಇಲ್ಲಿ ಕೂಸಿಗೂ ಗೊತ್ತು. ನಾಡನ್ನು ಮೆಟ್ಟಿದ ಗಂಡು ಆ ಹೊತ್ತಿನಲ್ಲಿ ಉಣ್ಣುತ್ತಿತ್ತು.

ಅದೇ ಭಾಷಣದ ಕ್ರಿಯಾಪದಗಳಿಗೆ ಕಿವಿಗೊಡಿ. ಮದಕರಿನಾಯಕರು ಆಳಿದರು. ಓಬವ್ವ ಕೊಂದಳು. 2021ರಿಂದ ನವೆಂಬರ್ 11ಕ್ಕೆ ಸರ್ಕಾರಿ ಜಯಂತಿ ಕೊಟ್ಟೆವು, ಕ್ರೀಡಾಂಗಣಕ್ಕೆ ಹೆಸರಿಟ್ಟೆವು, ಒಂದು ‘ರು’ ಕೊಡಲು ಮಾತ್ರ ಕೈ ಬರಲಿಲ್ಲ. ಕನ್ನಡದ ‘ಅವರು’ಗೆ ಲಿಂಗಭೇದವೇ ಇಲ್ಲ. ಹಂಚಲು ಕೂತವರ ಕೈಯಲ್ಲಿ ಅದು ಪುಲ್ಲಿಂಗವಾಗುತ್ತದೆ, ಅಷ್ಟೇ.

ಶಾಲೆಯ ವ್ಯಾಕರಣವೂ ಕಡಿಮೆಯದಲ್ಲ. ಮೂರು ಲಿಂಗಗಳ ಬೆನ್ನಿಗೇ ಕೆಲವು ಉಪಜಾತಿಗಳಿವೆ. ಪುನ್ನಪುಂಸಕಲಿಂಗಕ್ಕೆ ಉದಾಹರಣೆ ಸೂರ್ಯ, ಚಂದ್ರ, ಶನಿ: ಸೂರ್ಯ ಮೂಡಿದನು ಎಂದರೂ ಸರಿ, ಮೂಡಿತು ಎಂದರೂ ಸರಿ. ಸ್ತ್ರೀನಪುಂಸಕಲಿಂಗಕ್ಕೆ ಉದಾಹರಣೆ ದೇವತೆ ಮತ್ತು ಹುಡುಗಿ. ಅಂದರೆ ಗಂಡಸು ‘ಅದು’ ಆಗಬೇಕಾದರೆ ಗ್ರಹವಾಗಿ ಆಕಾಶ ಹತ್ತಬೇಕು. ಹುಡುಗಿಯಾದರೆ ಜಗಲಿಯ ಮೇಲೆ ಕೂತಲ್ಲೇ ‘ಅದು’. ‘ಹುಡುಗಿ ಬಂತು’ ಎಂದು ಬರೆದರೆ ಪೂರ್ತಿ ಅಂಕ, ‘ಹುಡುಗ ಬಂತು’ ಎಂದರೆ ಮೇಷ್ಟ್ರ ಕೆಂಪು ಇಂಕು.

ಈ ಪಾಠವನ್ನು ಚೆನ್ನಾಗಿ ಕಲಿತದ್ದು ಪಂಚಾಯಿತಿ. ರಾಜ್ಯದ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಎಂದು 2010ರಲ್ಲೇ ಕಾನೂನಾಗಿದೆ. ಹೊಸದುರ್ಗದ ಕಡೆಯ ಹಳ್ಳಿಯೊಂದರಲ್ಲಿ ನಿಂತು ಕೇಳಿ ನೋಡಿ:

‘ಅಧ್ಯಕ್ಷ್ರು ಅವ್ರೇನಣ್ಣ?’

‘ಈಗ್ತಾನೆ ಬೈಕಲ್ಲಿ ದುರ್ಗಕ್ಕೆ ಹೋದ್ರು.’

‘ಅವ್ರಲ್ಲಣ್ಣ, ಗೆದ್ದಿರೋ ಅಧ್ಯಕ್ಷ್ರು.’

‘ಓ, ಆಯಮ್ಮನಾ? ಮನೇಲೈತೆ.’

ಕರ್ತೃಪದ ಸ್ತ್ರೀಲಿಂಗ, ಬೈಕ್ ಹತ್ತಿದ ಕ್ರಿಯಾಪದ ಪುಲ್ಲಿಂಗ, ಸಹಿ ಮಾಡುವ ಕೈ ನಪುಂಸಕ. ‘ಆಯಮ್ಮ ಐತೆ’ ಅನ್ನುವುದರಲ್ಲಿ ಅಕ್ಕರೆ ಇದೆ ಎನ್ನುವವರುಂಟು. ಇರಲಿ. ಆ ಅಕ್ಕರೆ ಬೈಕಿನವರಿಗೂ ಸ್ವಲ್ಪ ಸಿಗಲಿ.

ಹೊಳಲ್ಕೆರೆಯ ತೋಟಗಳಲ್ಲಿ ವ್ಯಾಕರಣ ಇನ್ನೂ ಖಡಕ್ಕು. ‘ಆಳು’ ನಪುಂಸಕ: ಬೆಳಿಗ್ಗೆ ಆಳು ಬಂತು, ಸಂಜೆ ಆಳು ಹೋಯಿತು. ಕೂಲಿ ಎಣಿಸುವಾಗ ಮಾತ್ರ ಗಂಡಾಳು, ಹೆಣ್ಣಾಳು ಎಂದು ಒಡೆಯುತ್ತದೆ, ನೋಟುಗಳ ಲೆಕ್ಕವೂ ಒಡೆಯುತ್ತದೆ. ಸಮಾನ ವೇತನದ ಕಾಯ್ದೆ 1976ರಲ್ಲೇ ಬಂದಿತ್ತು, ಬದುವಿನ ಮೇಲೆ ಸಮಾನ ವೇತನ ಇನ್ನೂ ಭವಿಷ್ಯತ್ಕಾಲ.

ಹಿರಿಯೂರಿನಲ್ಲಿ ಹೆಣ್ಣಿಗೆ ಒಮ್ಮೆ ಪೂರಾ ‘ರು’ ಸಿಕ್ಕಿತ್ತು. 1895ರಿಂದ 1902ರವರೆಗೆ ರೀಜೆಂಟರಾಗಿ ಮೈಸೂರು ಆಳಿದ ಮಹಾರಾಣಿ ಕೆಂಪನಂಜಮ್ಮಣ್ಣಿಯವರು, ಅಂದರೆ ವಾಣಿವಿಲಾಸ ಸನ್ನಿಧಾನದವರು. ವೇದಾವತಿಗೆ ಕಟ್ಟಿದ ಅಣೆಕಟ್ಟೆಗೆ ಅವರದೇ ಹೆಸರು. ಈಗ ಅದು ‘ವಿವಿ ಸಾಗರ’. ‘ವಿವಿ ಭರ್ತಿ’ ಎಂದು ಪೇಪರಿನಲ್ಲಿ ಓದಿದ ಪರಸ್ಥಳದವರು ಯಾವ ವಿಶ್ವವಿದ್ಯಾಲಯಕ್ಕೆ ಇಷ್ಟೊಂದು ಅಡ್ಮಿಷನ್ ಎಂದು ಬೆರಗಾಗಬೇಕು. 2022ರಲ್ಲಿ 89 ವರ್ಷಗಳ ಮೇಲೆ ಕೋಡಿ ಬಿತ್ತು. ಬಾಗಿನದ ದಿನ ವೇದಾವತಿ ತಾಯಿ, ಅರಿಶಿನ ಕುಂಕುಮ, ಬಳೆ. ಮಾರನೇ ದಿನ ಟಿಎಂಸಿ.

ಅಲ್ಲೇ ಇರುವ ಕಣಿವೆ ಮಾರಮ್ಮನ ಹೆಸರನ್ನು ಮಾತ್ರ ಯಾರೂ ‘ಕ.ಮಾ.’ ಎಂದು ಮೊಟಕು ಮಾಡಿಲ್ಲ. ಆಯಮ್ಮನಿಗೆ ಸಿಟ್ಟು ಜಾಸ್ತಿ.