ಅಮುಕಪ್ಪ

ಹಂಪಿನಗರದ ನಮ್ಮ ಬೀದಿಯಲ್ಲಿ ಅವರ ನಿಜವಾದ ಹೆಸರು ಯಾರಿಗೂ ಬೇಕಾಗಿಲ್ಲ. ಅಮುಕಪ್ಪ ಅಂದರೆ ಸಾಕು. ಡೇಟಾಬೇಸ್ ನೋಡಿಕೊಳ್ಳುವ ಕೆಲಸ. 2023ರ ಅಕ್ಟೋಬರ್‌ನಲ್ಲಿ ಮೆಟ್ರೊ ನೇರಳೆ ಮಾರ್ಗ ವೈಟ್‌ಫೀಲ್ಡ್‌ವರೆಗೆ ಪೂರ್ತಿಯಾದದ್ದು ಎಲ್ಲರಿಗೂ ಅನುಕೂಲ, ಅವರ ಪಕ್ಕ ಕೂತವರನ್ನು ಬಿಟ್ಟು. ಮೊದಲಾದರೆ ಬೈಯಪ್ಪನಹಳ್ಳಿಯಲ್ಲಿ ಬಸ್ಸು ಹಿಡಿಯುವ ನೆಪದಲ್ಲಾದರೂ ಅವರ ಪಾಠದಿಂದ ತಪ್ಪಿಸಿಕೊಳ್ಳಬಹುದಿತ್ತು.

ಪಾಠ ಒಂದೇ. "ಟೇಬಲ್ ಹೆಸರನ್ನ ಕಮ್ಯಾಂಡ್‌ನಲ್ಲಿ ಬರೀಬಾರದು ಕಣ್ರೀ. ಜನವರಿಗೊಂದು ಟೇಬಲ್, ಫೆಬ್ರವರಿಗೊಂದು. ತಿಂಗಳು ತಿಂಗಳು ಕೂತು ತಿದ್ದೋಕೆ ನಾನೇನು ಗುಮಾಸ್ತನಾ? ಪುರೋಹಿತರ ಪುಸ್ತಕ ನೋಡಿ. ಅಮುಕ ಸಂವತ್ಸರೇ, ಅಮುಕ ಮಾಸೇ, ಅಮುಕ ಗೋತ್ರ. ಜಾಗ ಬಿಟ್ಟಿರ್ತಾರೆ, ಆವತ್ತಿನ ಹೆಸರು ತುಂಬ್ಕೊಂಡು ಹೇಳೋದು!"

ಮಾತು ಸರಿಯೇ. ತೊಂದರೆ ಇರುವುದು ತುಂಬುವುದರಲ್ಲಿ. ಟೇಬಲ್ಲುಗಳ ಪ್ರತಿ ತೆಗೆಯುವ ಮೈಸೀಕ್ವೆಲ್ ಡಂಪ್ ತಾನಾಗಿ ಏನನ್ನೂ ತುಂಬಿಕೊಳ್ಳುವುದಿಲ್ಲ, ಶೆಲ್ ಮೊದಲೇ ತುಂಬಿ ಕೊಡಬೇಕು. ಹೆಸರಿನ ಜಾಗ ಜೋಡಿ ಕೋಟ್‌ನೊಳಗಿದ್ದರೆ ತುಂಬುತ್ತದೆ, ಒಂಟಿ ಕೋಟ್‌ನೊಳಗಿದ್ದರೆ ಮುಟ್ಟುವುದಿಲ್ಲ. ಒಂದು ರಾತ್ರಿ ಒಂಟಿ ಕೋಟ್ ಬಿದ್ದು, "$ಟೇಬಲ್" ಎಂಬ ಟೇಬಲ್ಲೇ ಇಲ್ಲವೆಂದು ಡಂಪ್ ತಕರಾರು ತೆಗೆಯಿತು. ಗೋತ್ರ ಕೇಳದೆ "ಅಮುಕ ಗೋತ್ರ" ಎಂದೇ ಓದಿ ಮುಗಿಸಿದ ಹಾಗೆ. ಇಂಪೋರ್ಟ್ ವಿಷಯ ಎತ್ತಲೇಬೇಡಿ. ಡಂಪ್ ಫೈಲಿನೊಳಗೆ ಹಳೇ ಹೆಸರೇ ಕೂತಿರುತ್ತದೆ, ಆ ಹೆಸರಿನದೇನಾದರೂ ಇದ್ದರೆ ಮೊದಲು ಕಿತ್ತುಹಾಕು ಎಂಬ ಸಾಲಿನ ಸಮೇತ.

ಇನ್ನೊಮ್ಮೆ, ಕೈಯಲ್ಲಿ ಓಡಿಸಿದರೆ ಓಡುವ ಕಮ್ಯಾಂಡು, ಗೊತ್ತಾದ ಹೊತ್ತಿಗೆ ತಾನೇ ಓಡಿಸುವ ಕ್ರಾನ್‌ಗೆ ಹಾಕಿದರೆ ಮಲಗಿತು. ತಿಂಗಳ ಹೆಸರು ತರಲು ಬರೆದ ಶೇಕಡಾ ಚಿಹ್ನೆ ಕ್ರಾನ್‌ಟ್ಯಾಬ್‌ಗೆ ಸಾಲು ಮುಗಿದ ಗುರುತು. ಹಿಂದೊಂದು ಬ್ಯಾಕ್‌ಸ್ಲ್ಯಾಷ್ ಇಡದಿದ್ದರೆ ಅಲ್ಲಿಗೇ ಕತ್ತರಿ. ಇದು ಹೊಳೆದ ಬೆಳಿಗ್ಗೆ ಮಾರುತಿ ಮಂದಿರಕ್ಕೆ ನನ್ನನ್ನೂ ಎಳೆದುಕೊಂಡು ಹೋದರು. ಅರ್ಚಕರು ಹೆಸರು, ನಕ್ಷತ್ರ ಕೇಳಿದ್ದೇ ತಡ, ಅಮುಕಪ್ಪ ನನ್ನ ಕಡೆ ತಿರುಗಿ, "ನೋಡಿದ್ರಾ, ಪ್ಯಾರಾಮೀಟರ್!" ಅಂದರು.

ಕಳೆದ ತಿಂಗಳು ಅವರ ಮಗನ ಉಪನಯನ. ಆಹ್ವಾನ ಪತ್ರಿಕೆಗೆ ಕೈಯಲ್ಲಿ ಹೆಸರು ಬರೆಯುವುದೆಂದರೆ ಅವರಿಗೆ ಅವಮಾನ, ಸ್ಕ್ರಿಪ್ಟೇ ಬರೆಯಿತು. ಮೂಲೆಗೆ ಅರಿಶಿನ, ಮೇಲೆ ಗಣಪತಿ, ಕೆಳಗೆ ದಪ್ಪ ಅಕ್ಷರದಲ್ಲಿ "ಶ್ರೀ $ಹೆಸರು ಮತ್ತು ಕುಟುಂಬದವರಿಗೆ." ಛತ್ರದಲ್ಲಿ ಪಂಕ್ತಿಗೆ ಕೂತಾಗ ವಿಚಾರಿಸಿದೆ. ಇಡೀ ಸಾಲಿಗೂ ಅದೇ ಕಾರ್ಡು.

ಹೋಳಿಗೆ ಮಾತ್ರ ಚೆನ್ನಾಗಿತ್ತು. ಹೊರಡುವಾಗ ಮುಯ್ಯಿ ಕವರಿನ ಮೇಲೆ ನಾನೂ "ಇಂತಿ, $ಹೆಸರು" ಎಂದೇ ಬರೆದು ಕೊಟ್ಟುಬಂದೆ.